ಅಡಿಕೆ ವಹಿವಾಟಿನ ಸಾಫ್ಟ್‌ವೇರ್‌ಗೆ ದಾಖಲೆ ಬರೆಯುವ ಕ್ರಮ

ಶಿರಸಿಯ ಅಡಿಕೆ ವ್ಯಾಪಾರಕ್ಕೆ ಸಾಫ್ಟ್‌ವೇರ್ ಕಟ್ಟುವ ತಂಡ ಮೊದಲು ಬರೆಯಬೇಕಾದದ್ದು ಪದಪಟ್ಟಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳು: ಪ್ರತಿಯೊಂದಕ್ಕೂ ಒಂದು ಸಾಲಿನ ಅರ್ಥ, ಪಕ್ಕದಲ್ಲೇ ಡೇಟಾಬೇಸ್‌ನಲ್ಲಿ ಬಳಸಿದ ಹೆಸರು. ಹೊರಗಿನಿಂದ ಬಂದ ಪ್ರೋಗ್ರಾಮರ್ ‘ರಾಶಿ’ಯನ್ನು ಗುಡ್ಡೆ ಎಂದುಕೊಂಡರೆ ದಾಸ್ತಾನಿನ ಲೆಕ್ಕವೇ ತಪ್ಪುತ್ತದೆ. ತೂಕ ಕಿಲೋದಲ್ಲೋ ಕ್ವಿಂಟಲ್‌ನಲ್ಲೋ ಎಂದು ಪ್ರತಿ ಫೀಲ್ಡ್‌ಗೂ ನಮೂದಿಸಿ. ಬಿಟ್ಟರೆ ಮೊತ್ತ 100 ಪಟ್ಟು ಏರುಪೇರು. ದಿನಾಂಕ ಎಲ್ಲೆಡೆ 2025-03-04 ರೂಪದಲ್ಲೇ ಇರಲಿ. 04/03 ಎಂದರೆ ಒಬ್ಬರಿಗೆ ಮಾರ್ಚ್, ಇನ್ನೊಬ್ಬರಿಗೆ ಏಪ್ರಿಲ್.

ಹೊಸಬರು ಮೊದಲು ಓದುವ ಪರಿಚಯದ ಫೈಲ್, ಅಂದರೆ ರೀಡ್‌ಮಿ, ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಒಂದೇ ಕ್ರಮದಲ್ಲಿರಲಿ: ಉದ್ದೇಶ, ಬೇಕಾದ ಆವೃತ್ತಿಗಳು, ಇನ್‌ಸ್ಟಾಲ್, ಓಡಿಸುವ ಬಗೆ, ಬ್ಯಾಕಪ್. ಕಮಾಂಡ್‌ಗಳನ್ನು ನೆನಪಿನಿಂದ ಬರೆಯಬೇಡಿ. ಏನೂ ಹಾಕಿರದ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಅಲ್ಲಿಂದಲೇ ನಕಲಿಸಿ. ಪಾಸ್‌ವರ್ಡ್ ಮಾತ್ರ ಬೇಡವೇ ಬೇಡ. ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಆಗ ಉಳಿಸಿದ ಬದಲಾವಣೆಯಲ್ಲಿ) ಅದು ಉಳಿದಿರುತ್ತದೆ.

ಬ್ಯಾಕಪ್ ಮರಳಿ ತರುವ ಹಂತಗಳನ್ನು ಮುದ್ರಿಸಿ ಕೌಂಟರ್ ಬಳಿಯೂ ಇಡಿ. ಮಳೆಗಾಲದಲ್ಲಿ ನೆಟ್ ಹೋದ ದಿನ ಆನ್‌ಲೈನ್ ದಾಖಲೆ ಯಾರಿಗೂ ಸಿಗುವುದಿಲ್ಲ.

ಕೋಡ್ ಬದಲಾದ ಕಮಿಟ್‌ನಲ್ಲೇ ದಾಖಲೆಯೂ ಬದಲಾಗಲಿ. ‘ಆಮೇಲೆ ಬರೆಯೋಣ’ ಎಂದು ಬಂದ ಬದಲಾವಣೆಯನ್ನು ಪರಿಶೀಲಿಸುವವರು ವಾಪಸ್ ಕಳಿಸಬೇಕು.