ಬ್ಯಾಗ್ ಕೊಳ್ಳುವ ಮೊದಲು ಬೆನ್ನು ಅಳೆಯಿರಿ

ಹಗುರವಾದ ಟ್ರೆಕ್ಕಿಂಗ್ ಬ್ಯಾಗ್ ಕೊಳ್ಳುವಾಗ ಎಷ್ಟು ಲೀಟರ್ ಅಂತ ನೋಡುವ ಮೊದಲು ನಿಮ್ಮ ಬೆನ್ನಿನ ಉದ್ದ ಅಳೆದುಕೊಳ್ಳಿ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ, ಅಲ್ವಾ? ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳುಗಳನ್ನು ಬೆನ್ನ ಕಡೆಗೆ ಚಾಚಿ. ಕತ್ತಿನ ಮೂಳೆಯಿಂದ ಹೆಬ್ಬೆರಳುಗಳ ಮಟ್ಟದವರೆಗೆ ಟೈಲರ್ ಟೇಪ್ ಹಿಡಿಯಲು ಮನೆಯವರಿಗೆ ಹೇಳಿ. ಆ ಅಳತೆಗೆ ಹೊಂದುವ ಸೈಜನ್ನೇ ತಗೊಳ್ಳಿ. ಎತ್ತರ ನೋಡಿ ಆರಿಸಬೇಡಿ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ಅಳತೆ ಸರಿ ಇದ್ದರೆ ಬೆಲ್ಟ್ ಸೊಂಟದ ಮೂಳೆ ಮೇಲೆ ಕೂತು ಭಾರ ಹೊರುತ್ತದೆ. ಬ್ಯಾಗ್ ಗಿಡ್ಡವಾದರೆ ಬೆಲ್ಟ್ ಹೊಟ್ಟೆಗೆ ಏರಿ, ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಕುಮಾರ ಪರ್ವತದಂಥ ಕಡೆ ಬೇಗ ಬೇಗ ನಡೆಯುವವರಿಗೆ ಇದು ತುಂಬಾ ಮುಖ್ಯ. ಒಳಗೆ ಫ್ರೇಮ್ ಇಲ್ಲದ ಬ್ಯಾಗಿಗೆ ಮಾತ್ರ ಅಳತೆಯೊಂದೇ ಸಾಲದು. ನೀರು, ಊಟ ಸೇರಿ ಸುಮಾರು 9-10 ಕೆ.ಜಿ. ದಾಟಿದರೆ ಅದು ಕುಸಿದು ಹೆಗಲು ಎಳೆಯುತ್ತದೆ. ಅಂಥದ್ದರಲ್ಲಿ ಫೋಮ್ ಮ್ಯಾಟನ್ನು ಮಡಚಿ ಬೆನ್ನಿನ ಕಡೆ ಇಡಿ, ಸಾಕಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಸೊಂಟದ ಬೆಲ್ಟೇ ಇಲ್ಲದ ಬ್ಯಾಗಾದರೆ ಸಾಮಾನು ಕಡಿಮೆ ಮಾಡುವುದೊಂದೇ ದಾರಿ.