ಪ್ರಾಸ ಕೂಡಿಸುವುದು ಹೇಗೆ?

ನವೆಂಬರ್ ಬಂತೆಂದರೆ ಹುಬ್ಬಳ್ಳಿ–ಧಾರವಾಡದ ಕವಿಗೋಷ್ಠಿಗಳಲ್ಲಿ ‘ಮನದಲ್ಲಿ, ನಾಡಿನಲ್ಲಿ, ಉಸಿರಿನಲ್ಲಿ’ ಎಂದು ಸಾಲು ಮುಗಿಸುವವರದೇ ಸುಗ್ಗಿ. ಅದು ಪ್ರಾಸವಲ್ಲ, ಬರೀ ವಿಭಕ್ತಿ ಪ್ರತ್ಯಯ. ಕನ್ನಡದಲ್ಲಿ ಅದು ಪುಕ್ಕಟೆ ಸಿಗುತ್ತದೆ. ‘ಅಲ್ಲಿ’ ಕಳಚಿ ನೋಡಿ: ಮನ, ನಾಡು, ಉಸಿರು, ಏನೂ ಕೂಡುವುದಿಲ್ಲ. ‘ಕೆರೆಯಲ್ಲಿ–ತೆರೆಯಲ್ಲಿ’ ಕಳಚಿದರೂ ಕೆರೆ–ತೆರೆ ಉಳಿಯುತ್ತದೆ. ಅಂತ್ಯಪ್ರಾಸಕ್ಕೆ ಇಷ್ಟು ಪರೀಕ್ಷೆ ಸಾಕು.

ಎಡವುವುದು ಆದಿಪ್ರಾಸದಲ್ಲಿ. ಇಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಮೇಲಿನ ಸ್ವರ ಯಾವುದಾದರೂ ನಡೆದೀತು.

ಮೊದಲು ಹೇಳಬೇಕಾದ್ದನ್ನು ಗದ್ಯದಲ್ಲಿ ಬರೆದುಕೊಳ್ಳಿ. ಅದರಲ್ಲಿ ಬಿಡಲಾಗದ ಪದದಿಂದ ಪ್ರಾಸಾಕ್ಷರ ಆರಿಸಿ. ಜೋಳದ ಹೊಲದ ಪದ್ಯವಾದರೆ ‘ಳ’. ಘ, ಝ ಹಿಡಿದವರು ಎರಡನೇ ಸಾಲಿಗೇ ನಿಘಂಟು ತೆರೆಯಬೇಕಾಗುತ್ತದೆ.

ಪದ್ಯಕ್ಕೆ ಕೈಹಾಕುವ ಮೊದಲೇ ಪದಗಳನ್ನು ಗುಂಪು ಮಾಡಿ. ಮಳೆ, ಬೆಳೆ, ಹೊಳೆ: ಮೊದಲಕ್ಷರ ಹ್ರಸ್ವ, ಇದು ಸಿಂಹಪ್ರಾಸ. ಗಾಳಿ, ಜೋಳ, ಕಾಳು: ಮೊದಲಕ್ಷರ ದೀರ್ಘ, ಗಜಪ್ರಾಸ. ಹಳ್ಳ, ಬಳ್ಳಿ, ಬೆಳ್ಳಿ: ಅದೇ ಅಕ್ಷರದ ಒತ್ತು, ಹಯಪ್ರಾಸ. (ಬಿಂದುವಿದ್ದರೆ ವೃಷಭ, ವಿಸರ್ಗಕ್ಕೆ ಅಜ, ಬೇರೆ ವ್ಯಂಜನದ ಒತ್ತಿಗೆ ಶರಭ.) ಒಂದು ಪದ್ಯಕ್ಕೆ ಒಂದೇ ಗುಂಪು. ಪದದ ಬಾಲವನ್ನಷ್ಟೇ ಹೊಂದಿಸಿ ಕೊಡುವ ಮೊಬೈಲ್ ಪ್ರಾಸಪಟ್ಟಿಗಳು ಈ ಕೆಲಸಕ್ಕೆ ಬಾರವು.

ಈಗ 3+4+3+4 ಮಾತ್ರೆಯ, ಅಂದರೆ ಆರು ಸಾಲಿನ ಭಾಮಿನಿ ಷಟ್ಪದಿಯ ಸಣ್ಣ ಸಾಲಿನ ಅಳತೆಯಲ್ಲಿ:

ಗಾಳಿ ಬೀಸಲು ಹೊಲದ ನಡುವಿನ
ಜೋಳ ತೂಗಿತು ತೆನೆಯ ಭಾರಕೆ

ಮೊದಲ ಸಾಲನ್ನು ‘ಮಳೆಯು ಸುರಿಯಲು’ ಎಂದು ಬದಲಿಸಿ ನೋಡಿ. ಮಾತ್ರೆ ಸರಿಯಾಗೇ ಇದೆ, ‘ಳ’ ಕೂಡ ತನ್ನ ಜಾಗದಲ್ಲೇ ಇದೆ. ಆದರೂ ಕೆಟ್ಟಿತು. ‘ಮ’ ಲಘು, ‘ಜೋ’ ಗುರು. ‘ಳ’ ಒಂದು ಸಾಲಿನಲ್ಲಿ ಒಂದು ಮಾತ್ರೆಯ ಬಳಿಕ ಬಂದರೆ ಇನ್ನೊಂದರಲ್ಲಿ ಎರಡು ಮಾತ್ರೆಯ ಬಳಿಕ ಬರುತ್ತದೆ. ಬೆರಳೆಣಿಕೆಯಲ್ಲಿ ಈ ತಪ್ಪು ಸಿಗುವುದಿಲ್ಲ, ಗಟ್ಟಿಯಾಗಿ ಓದಿದರೇ ಸಿಗುವುದು. ‘ಳ’ ಜಾಗಕ್ಕೆ ‘ಲ’ ತುರುಕುವುದಂತೂ ಬೇಡವೇ ಬೇಡ.

ಪದ ಸಿಗದಿದ್ದರೆ ಅರ್ಥ ತಿರುಚಬೇಡಿ, ಪದವನ್ನೇ ಮುರಿಯಿರಿ. ಗದುಗಿನ ಕುಮಾರವ್ಯಾಸನ ‘ವೇದಪುರುಷನ’ ಪದ್ಯದಲ್ಲಿ ‘ಸಹೋದರ’ನ ‘ಸ’ ಮೊದಲ ಸಾಲಿನ ತುದಿಗೆ ನಿಂತು ಎರಡನೆಯದು ‘ಹೋದರನ’ ಎಂದು ಶುರುವಾಗುತ್ತದೆ. ‘ತಳೋದರಿ’ ಒಡೆದು ಮೂರನೆಯದು ‘ಳೋದರಿಯ’ ಎಂದು. ಆರೂ ಸಾಲಿಗೆ ದೀರ್ಘದ ಬಳಿಕ ‘ದ’.

ಸಾಲಿನೊಳಗಿನ ಅನುಪ್ರಾಸ ಉಪ್ಪಿನಷ್ಟಿರಲಿ. ಒಂದೇ ವ್ಯಂಜನ ಮೂರು ಸಲ ಬಂದರೆ ಸಾಕು.

ಇನ್ನು ಧಾರವಾಡದ ಆಡುಮಾತಿನಲ್ಲಿ ಬರೆಯುವವರಿಗೆ ‘ಮನಿ–ದನಿ’ ಪೂರಾ ಕೂಡುತ್ತದೆ. ಆದರೆ ಮುಂದಿನ ಸಾಲಿನಲ್ಲಿ ‘ಮನೆ’ ಎಂದು ಬರೆದರೆ ಕೂಡಿದ್ದೂ ಬಿಟ್ಟುಹೋಗುತ್ತದೆ. ಪದ್ಯ ಮುಗಿಯುವ ತನಕ ‘ಮನಿ’ಯೇ ಇರಲಿ.