ಹಳ್ಳಿಯಲ್ಲಿ ನೆಟ್ ಇಲ್ಲದಿದ್ದರೂ ಪಾಠದ ವಿಡಿಯೊ ನೋಡೋದು ಹೆಂಗ?

ಕುಷ್ಟಗಿ, ಯಲಬುರ್ಗಾ ಕಡೆಯ ಪಾಲಕರು ಓದ್ರಿ. ಸರ್ಕಾರಿ ಪಠ್ಯಪುಸ್ತಕದ ಪಾಠದ ಹತ್ತಿರ ಚೌಕದ ಕ್ಯೂಆರ್ ಕೋಡ್ ಇರ್ತದಲ್ಲ, ಅದು ಅಂದಕ್ಕೆ ಹಾಕಿದ್ದಲ್ಲ. ಫೋನಿನಲ್ಲಿ ದೀಕ್ಷಾ ಆ್ಯಪ್ ಹಾಕಿಕೊಂಡು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆ ತೆರೆಯುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ರೊಕ್ಕ ಕೊಡಬೇಕಿಲ್ಲ, ನೋಡೋದಕ್ಕೆ ಲಾಗಿನ್ನೂ ಬೇಡ.

ಮೊದಲ ಸಲ ಬೋರ್ಡ್, ಮಾಧ್ಯಮ, ತರಗತಿ ಕೇಳುತ್ತದೆ. ಅವಸರದಲ್ಲಿ ಏನೋ ಒತ್ತಬೇಡಿ, ಬೇರೆ ರಾಜ್ಯದ ಪಾಠ ಬಂದು ಕೂಡ್ತಾವ.

ಪುಸ್ತಕ ಹಳೇದಾಗಿ ಕೋಡ್ ಅಳಿಸಿದ್ದರೆ ಅದರ ಜೊತೆಗಿರುವ ಆರು ಅಕ್ಷರ-ಅಂಕಿಗಳನ್ನು ಹುಡುಕುವ ಜಾಗದಲ್ಲಿ ಟೈಪ್ ಮಾಡಿದರೆ ಸಾಕು. ಇದನ್ನು ಮಗುವಿನ ಕೈಯಿಂದಲೇ ಮಾಡಿಸಿ. ನಾವೇ ಒತ್ತಿ ಕೊಟ್ಟರೆ ಅವರು ಕಲಿಯೋದು ವಿಡಿಯೊ ನೋಡೋದಷ್ಟೇ.

ಮುಖ್ಯ ಮಾತು ಸಿಗ್ನಲ್‌ದು. ಸಂತೆಗೋ ತಾಲ್ಲೂಕು ಊರಿಗೋ ಹೋದಾಗ ಆ ವಾರದ ಪಾಠ ಡೌನ್‌ಲೋಡ್ ಮಾಡಿಕೊಳ್ಳಿ, ಮನೆಯಲ್ಲಿ ನೆಟ್ ಇಲ್ಲದೆ ನಡೀತದ. ಯೂಟ್ಯೂಬಿಗೆ ಜೋಡಿಸಿದ ವಿಡಿಯೊ ಮಾತ್ರ ಹಿಂಗ ಇಳಿಯೋದಿಲ್ಲ. ಹಳೇ ಪಾಠ ಅಳಿಸ್ತಾ ಇರಿ, ಇಲ್ಲಾಂದ್ರ ಫೋನ್ ತುಂಬಿ ಹೊಸದಕ್ಕೆ ಜಾಗ ಸಿಗೋದಿಲ್ಲ.